ಟೀಚರ್‌ಗೆ ಸುಸ್ತಾಗುವುದು ಪಾಠದಿಂದಲ್ಲ

ನಾನು ಎಂಟನೇ ಕ್ಲಾಸಿಗೆ ಗಣಿತ ಹೇಳಿಕೊಡುತ್ತೇನೆ. ಲೆಕ್ಕ ನನ್ನನ್ನು ಅಷ್ಟು ದಣಿಸುವುದಿಲ್ಲ. ಒಳಗೆ ಕೋಪ ಕುದಿಯುವಾಗ ಹೊರಗೆ ನಗುವುದಿದೆಯಲ್ಲ, ಅದು ದಣಿಸುತ್ತದೆ. ಹೀಗೆ ಮನಸ್ಸು ಅದುಮಿಟ್ಟು ಮುಖ ತೋರಿಸುವುದೂ ದುಡಿಮೆಯೇ ಎಂದು ಸಮಾಜಶಾಸ್ತ್ರಜ್ಞೆ ಆರ್ಲಿ ಹೋಕ್‌ಶೀಲ್ಡ್ 1983ರಲ್ಲೇ ಗಗನಸಖಿಯರ ಕೆಲಸ ನೋಡಿ ಬರೆದಿದ್ದರು. ಅವರ ಪ್ರಯಾಣಿಕರು ಇಳಿದು ಹೋಗುತ್ತಾರೆ. ನಮ್ಮವರು ನಾಳೆ ಮತ್ತೆ ಬರುತ್ತಾರೆ!

ಹಾಗಾಗಿ ಮೊದಲು ನಟನೆ ಕಡಿಮೆ ಮಾಡಿ. ತಲೆನೋವಿದ್ದರೆ ಹೇಳಿಬಿಡಿ: "ಇವತ್ತು ಮೈ ಸರಿಯಿಲ್ಲ, ಸ್ವಲ್ಪ ಮೆಲ್ಲಗೆ ಮಾತಾಡೋಣ." ಮಕ್ಕಳು ನಾವು ಅಂದುಕೊಂಡಷ್ಟು ಕಲ್ಲುಮನಸ್ಸಿನವರಲ್ಲ. ಮನೆಯ ಜಗಳದ ವಿವರ ಮಾತ್ರ ಬೇಡ.

ಕೋಪ ಬಂದರೆ ಬೋರ್ಡ್ ಕಡೆ ತಿರುಗಿ ದಿನಾಂಕ ಬರೆಯಿರಿ. ಬರೆದಾಗಿದ್ದರೆ ಅಳಿಸಿ ಮತ್ತೆ ಬರೆಯಿರಿ. ಉಸಿರು ನಿಧಾನವಾಗಿ ಬಿಡಲು ಅಷ್ಟು ಹೊತ್ತು ಸಾಕು. ತರಲೆ ಮಾಡಿದವನ ಜೊತೆ ಮಾತು ಬೆಲ್ ಆದ ಮೇಲೆ, ಬೇರೆಯವರು ಇಲ್ಲದಾಗ. ಎಲ್ಲರ ಮುಂದೆ ಅವನೂ ಸೋಲುವುದಿಲ್ಲ, ನೀವೂ ಸೋಲುವುದಿಲ್ಲ.

ನಿಜವಾಗಿ ಕಷ್ಟವಾಗುವುದು ಮಗುವೊಂದು "ಮಿಸ್, ಯಾರಿಗೂ ಹೇಳಬೇಡಿ" ಅಂತ ಶುರುಮಾಡಿದಾಗ. ಮಾತು ಕೊಡಬೇಡಿ. "ನಿನಗೆ ಅಪಾಯ ಇದ್ದರೆ, ಸಹಾಯ ಮಾಡುವವರಿಗೆ ಹೇಳಲೇಬೇಕಾಗುತ್ತದೆ ಪುಟ್ಟಾ" ಎಂದು ಮೊದಲೇ ತಿಳಿಸಿ. ಕೆದಕದೆ ಕೇಳಿಸಿಕೊಳ್ಳಿ. ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ ಬರೆದಿಡಿ. ಅದೇ ದಿನ ಮುಖ್ಯೋಪಾಧ್ಯಾಯರಿಗೋ ಆಪ್ತಸಮಾಲೋಚಕರಿಗೋ ತಿಳಿಸಿ. ಸುಮ್ನೆ ಮನಸ್ಸಲ್ಲೇ ಇಟ್ಟುಕೊಂಡು ಮನೆಗೆ ಹೋದರೆ ಮಗುವಿಗೆ ಲಾಭವಿಲ್ಲ, ನಿಮಗೆ ನಿದ್ದೆಯಿಲ್ಲ. ಕ್ಲಾಸಿನ ಅಷ್ಟೂ ಮಕ್ಕಳಿಗೆ ಒಬ್ಬರೇ ಅಮ್ಮನಾಗಲು ಆಗುವುದಿಲ್ಲ ಅಲ್ವಾ?

ಪೋಷಕರ ರಾತ್ರಿಯ ಮೆಸೇಜಿಗೆ ಬೆಳಿಗ್ಗೆ ಉತ್ತರಿಸಿ. ಸ್ಟಾಫ್ ರೂಮಿನಲ್ಲಿ ದಿನಾ ಅದೇ ಗೊಣಗಾಟ ನಡೆಯುವ ಮೂಲೆ ಬಿಟ್ಟು ಕೂರಿ. ಕಿವಿಗೊಡುವ ಒಬ್ಬ ಗೆಳತಿ ಸಾಕು.

ರಜೆ ಮುಗಿಯುವ ಸಂಜೆಯೇ ಹೊಟ್ಟೆ ಕಿವುಚುತ್ತದೆಯೇ? ಮಕ್ಕಳು ಬರೀ ರೋಲ್ ನಂಬರ್‌ಗಳಾಗಿ ಕಾಣುತ್ತಿದ್ದಾರೆಯೇ? ಏನು ಮಾಡಿದರೂ ಪ್ರಯೋಜನವಿಲ್ಲ ಅನ್ನಿಸುತ್ತದೆಯೇ? ಬರ್ನ್‌ಔಟ್ ಇರಬಹುದು, ಅಂದರೆ ಕೆಲಸದಿಂದ ಮನಸ್ಸು ಪೂರ್ತಿ ಬಳಲಿಹೋಗಿರುವುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ಕಾಯಿಲೆ ಅನ್ನಲಿಲ್ಲ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಬರುವಂಥದ್ದು ಎಂದಿತು. ಅಂದಮೇಲೆ ಧ್ಯಾನ, ಪ್ರಾಣಾಯಾಮ ಮಾತ್ರ ಸಾಲದು. ಕೆಲಸದಲ್ಲೂ ಏನಾದರೂ ಬದಲಾಗಬೇಕು. ಮುಖ್ಯೋಪಾಧ್ಯಾಯರ ಹತ್ತಿರ "ಜಾಸ್ತಿ ಕಷ್ಟ ಆಗ್ತಿದೆ" ಅಂದರೆ ಅವರು ತಲೆಯಾಡಿಸಿ ಸುಮ್ಮನಾಗಬಹುದು. ಬೇಕಾದದ್ದನ್ನೇ ಕೇಳಿ: ಸಾಲು ಪೀರಿಯಡ್‌ಗಳ ನಡುವೆ ಒಂದು ಬಿಡುವು, ಇಲ್ಲವೇ ವಾರ್ಷಿಕೋತ್ಸವದ ಜವಾಬ್ದಾರಿಯಿಂದ ಈ ವರ್ಷ ವಿನಾಯಿತಿ. ಊಟ, ನಿದ್ದೆಯೇ ಕೆಟ್ಟಿದ್ದರೆ ಅವರನ್ನು ಕೇಳುವ ಮೊದಲು ವೈದ್ಯರನ್ನು ನೋಡಿ.