ಲ್ಯಾಪ್‌ಟಾಪ್‌ನಲ್ಲಿ ಭೂಮಿಯನ್ನು ಸುತ್ತಿಸುವುದು ಹೇಗೆ?

ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿ ಆಯುಕಾ ಎಂಬ ಖಗೋಳ ಸಂಶೋಧನಾ ಕೇಂದ್ರ ಇದೆಯಲ್ಲ, ಅದರ ಅಂಗಳದಲ್ಲಿ ನ್ಯೂಟನ್ ಪ್ರತಿಮೆ ಇದೆ. ಫೆಬ್ರುವರಿ 28ರ ವಿಜ್ಞಾನ ದಿನದಂದು ಮಗಳನ್ನು ಕರೆದುಕೊಂಡು ಹೋಗಿದ್ದೆ. ವಾಪಸ್ ಬರುವಾಗ ರಿಕ್ಷಾದಲ್ಲಿ ಕೇಳಿದಳು: “ಅಪ್ಪಾ, ಸೂರ್ಯ ಎಳೀಲಿಕ್ಕತ್ತಾನಂದ್ರ ಭೂಮಿ ಯಾಕ ಬೀಳಂಗಿಲ್ಲ?” ನಮ್ಮದು ಧಾರವಾಡದ ಕಡೆ, ಪುಣೆಗೆ ಬಂದರೂ ಮಾತು ಬಿಟ್ಟಿಲ್ಲ. ಬೀಳುತ್ತಲೇ ಇದೆ, ಜೊತೆಗೆ ಪಕ್ಕಕ್ಕೂ ಓಡುತ್ತಿದೆ ಎಂದೆ. ನಂಬಲಿಲ್ಲ. ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದೆವು.

ಮೊದಲು ಅಳತೆ. ಕಿಲೋಮೀಟರು, ಸೆಕೆಂಡು ಬೇಡ. ಸೊನ್ನೆ ಎಣಿಸುವುದರಲ್ಲೇ ಸಂಜೆಯಾಗುತ್ತದೆ. ಸೂರ್ಯನಿಂದ ಭೂಮಿಗಿರುವ ಸುಮಾರು 15 ಕೋಟಿ ಕಿ.ಮೀ. ದೂರವನ್ನು 1 ಎಂದಿಟ್ಟುಕೊಳ್ಳಿ. ಕಾಲವನ್ನು ವರ್ಷದಲ್ಲಿ ಅಳೆಯಿರಿ. ಆಗ ಸೂರ್ಯನ ಎಳೆತದ ಅಂಕಿ 4π², ಅಂದರೆ 39.48. ಭೂಮಿಯ ವೇಗ 2π, ಅಂದರೆ 6.28.

ಸೂರ್ಯನನ್ನು ನಡುವೆ ಕೂರಿಸಿ. ಭೂಮಿಯ ಜಾಗಕ್ಕೆ ಎರಡು (ಅಡ್ಡಕ್ಕೆ ಎಕ್ಸ್, ಉದ್ದಕ್ಕೆ ವೈ), ವೇಗಕ್ಕೆ ಎರಡು, ಹೀಗೆ ನಾಲ್ಕು ಅಂಕಿ ಕೊಡಿ: ಎಕ್ಸ್ 1, ವೈ 0, ಎಕ್ಸ್_ವೇಗ 0, ವೈ_ವೇಗ 6.28. ಒಂದೊಂದು ಸಲ ಲೆಕ್ಕದಲ್ಲಿ ಮುಂದೆ ಸಾಗುವ ಕಾಲವೇ ‘ಹೆಜ್ಜೆ’: 0.01 ವರ್ಷ, ಅಂದರೆ ಮೂರೂವರೆ ದಿನಕ್ಕಿಂತ ಸ್ವಲ್ಪ ಜಾಸ್ತಿ. ಪ್ರೋಗ್ರಾಂ ಬರೆಯುವ ಭಾಷೆ ಪೈಥಾನ್‌ನಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ‘ದೂರ’ ಎಂದು ಬರೆದರೆ ಅದೇನೂ ತಕರಾರು ಮಾಡುವುದಿಲ್ಲ.

ಲೂಪ್‌ನೊಳಗೆ, ಅಂದರೆ ಮತ್ತೆ ಮತ್ತೆ ಓಡುವ ಭಾಗದೊಳಗೆ, ಇಷ್ಟೇ ಲೆಕ್ಕ:

ದೂರ = √(ಎಕ್ಸ್² + ವೈ²)
ಎಕ್ಸ್_ಎಳೆತ = −39.48 × ಎಕ್ಸ್ ÷ ದೂರ³
ಎಕ್ಸ್_ವೇಗ = ಎಕ್ಸ್_ವೇಗ + ಎಕ್ಸ್_ಎಳೆತ × ಹೆಜ್ಜೆ
ಎಕ್ಸ್ = ಎಕ್ಸ್ + ಎಕ್ಸ್_ವೇಗ × ಹೆಜ್ಜೆ

ವೈಗೂ ಹೀಗೇ. ಎಳೆತ ದೂರದ ವರ್ಗಕ್ಕೆ ತಕ್ಕಂತೆ ಇಳಿಯಬೇಕು ಅಲ್ವಾ, ಘನ ಎಲ್ಲಿಂದ ಬಂತು? ಹೆಚ್ಚಿಗೆ ಬಂದ ಆ ಒಂದು ‘ದೂರ’ ಮೇಲಿನ ‘ಎಕ್ಸ್’ ಜೊತೆ ಸೇರಿ (ಎಕ್ಸ್ ÷ ದೂರ) ಎಳೆತದ ದಿಕ್ಕು ತಿಳಿಸುತ್ತದೆ. 100 ಸಲ ಓಡಿಸಿ, ಪ್ರತಿ ಸಲ ಒಂದು ಚುಕ್ಕೆ ಇಡಿ.

ನಾನು ಎಡವಿದ್ದು ಕೊನೆಯ ಎರಡು ಸಾಲುಗಳಲ್ಲಿ. ಮೊದಲು ಜಾಗ, ಆಮೇಲೆ ವೇಗ ಬದಲಿಸಿದ್ದೆ. ಚುಕ್ಕೆಗಳು ಚಕ್ಕುಲಿಯ ಹಾಗೆ ಬಿಚ್ಚಿಕೊಳ್ಳುತ್ತಾ ಹೊರಗೆ ಹೊರಟವು. ಭೂಮಿ ಸುಮ್ನೆ ಮಂಗಳನ ದಾರಿ ಹಿಡಿದಿತ್ತು! ಹೆಜ್ಜೆಯನ್ನು 0.001ಕ್ಕೆ ಇಳಿಸಿದೆ. ಹಿಗ್ಗುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಹಳೆಯ ವೇಗದಲ್ಲೇ ನೇರ ಸಾಗಿದರೆ ಪ್ರತಿ ಹೆಜ್ಜೆಗೂ ಭೂಮಿ ಕೂದಲೆಳೆಯಷ್ಟು ಆಚೆ ಜಾರುತ್ತದೆ. ಮೊದಲು ವೇಗವನ್ನು ಸೂರ್ಯನ ಕಡೆ ತಿರುಗಿಸಿ, ಆ ಹೊಸ ವೇಗದಲ್ಲಿ ಮುಂದೆ ಸಾಗಿಸಬೇಕು. ಇದಕ್ಕೆ ಆಯ್ಲರ್-ಕ್ರೋಮರ್ ವಿಧಾನ ಎನ್ನುತ್ತಾರೆ. 1981ರಲ್ಲಿ ಇದರ ಬಗ್ಗೆ ಬರೆದ ಭೌತವಿಜ್ಞಾನಿ ಅಲನ್ ಕ್ರೋಮರ್, ಇದು ಒಬ್ಬ ಶಾಲಾ ವಿದ್ಯಾರ್ಥಿನಿಗೆ ಅಕಸ್ಮಾತ್ತಾಗಿ ಸಿಕ್ಕಿದ್ದು ಎಂದಿದ್ದರು. ಸಾಲು ಅದಲು ಬದಲು ಮಾಡುವವರಲ್ಲಿ ನಾನೊಬ್ಬನೇ ಅಲ್ಲ, ಸದ್ಯ.

ಸಾಲು ಸರಿ ಮಾಡಿದ ಮೇಲೆ ಬಳೆ ಕೂಡಿಕೊಂಡಿತು. ಈಗ ಶುರುವಿನ ವೈ_ವೇಗ ಬದಲಿಸಿ ನೋಡಿ. 5 ಕೊಟ್ಟರೆ ಬಳೆ ಮೊಟ್ಟೆಯಾಗುತ್ತದೆ, ಭೂಮಿ ಸೂರ್ಯನಿಗೆ ಅರ್ಧದಷ್ಟು ದೂರಕ್ಕೆ ಬಂದು ವಾಪಸಾಗುತ್ತದೆ. 0 ಕೊಟ್ಟರೆ ನೇರ ಸೂರ್ಯನೊಳಗೆ. ಅಲ್ಲಿ ದೂರ ತೀರಾ ಚಿಕ್ಕದಾಗಿ ಲೆಕ್ಕ ಹುಚ್ಚೆದ್ದು ಹೋಗುತ್ತದೆ, ಆ ಚಿತ್ರ ನಂಬಬೇಡಿ.

ಮಗಳು 9 ಒತ್ತಿದಳು. ಭೂಮಿ ಪರದೆ ದಾಟಿ ಹೋಯಿತು. “ಮತ್ತ ಸಾಲು ತಪ್ಪಿದ್ಯೇನಪ್ಪಾ?” ಎಂದಳು. ಈ ಸಲ ಇಲ್ಲ. 8.89 ದಾಟಿದರೆ ಸೂರ್ಯನಿಗೂ ಹಿಡಿಯಲು ಆಗುವುದಿಲ್ಲ.