ಮೈಕು, ಧ್ವಜ, ಗೌನು: ವಿಶ್ವವಿದ್ಯಾಲಯದ ಹುದ್ದೆಗೇರಿದ ಮಹಿಳೆಯರ ಉಡುಪಿನ ಸಿದ್ಧತೆ

ವರ್ಷಗಟ್ಟಲೆ ಪಾಠ ಹೇಳಿ, ವಿಭಾಗದ ಮುಖ್ಯಸ್ಥೆಯಾಗಿ, ಒಂದು ದಿನ ಡೀನ್ ಅಥವಾ ಕುಲಸಚಿವರ ಕುರ್ಚಿಯಲ್ಲಿ ಕುಳಿತ ಮಹಿಳೆಗೆ ಹೊಸ ಕಡತಗಳ ಜೊತೆಗೇ ಇನ್ನೊಂದು ಪ್ರಶ್ನೆಯೂ ಎದುರಾಗುತ್ತದೆ: ನಾಳೆ ಏನು ಉಡುವುದು? ಪ್ರಶ್ನೆ ಸಣ್ಣದೆಂದು ತಳ್ಳಿಹಾಕುವಂತಿಲ್ಲ. ತರಗತಿಯಲ್ಲಿ ಒಂದು ಗಂಟೆ ನಿಂತು ಮಾತನಾಡಲು ಒದಗುತ್ತಿದ್ದ ಉಡುಪೇ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟಿನ ಸಭೆಯಲ್ಲಿ ಅರ್ಧ ದಿನ ಕೂರಲು, ವೇದಿಕೆಯ ಮೆಟ್ಟಿಲು ಹತ್ತಲು, ದೀಪ ಬೆಳಗಲು, ಧ್ವಜದ ಹಗ್ಗ ಎಳೆಯಲು ಒದಗೀತೆಂಬ ಭರವಸೆ ಇಲ್ಲ. ಅದೇ ಹುದ್ದೆಯ ಗಂಡಸರು ಒಂದೇ ಬಗೆಯ ಅಂಗಿ, ಪ್ಯಾಂಟು, ಮೇಲೊಂದು ಕೋಟಿನಲ್ಲಿ ಅವಧಿ ಮುಗಿಸಿದರೂ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮಹಿಳೆಯ ಸೀರೆಯ ಅಂಚಿನ ಬಣ್ಣ ಮಾತ್ರ ಕ್ಯಾಂಟೀನಿನವರೆಗೆ ಸುದ್ದಿಯಾಗುತ್ತದೆ. ಈ ತಾರತಮ್ಯ ಒಂದು ಲೇಖನದಿಂದ ಹೋಗುವಂಥದ್ದಲ್ಲ. ಆದರೆ ಆ ದಿನ ಕೈಕಾಲುಗಳು ಮಾಡಬೇಕಾದ ಕೆಲಸವನ್ನು ನೋಡಿ ಉಡುಪನ್ನು ಆರಿಸಿಕೊಂಡರೆ, ಉಟ್ಟ ಮೇಲೆ ಅದರ ಚಿಂತೆ ಉಳಿಯುವುದಿಲ್ಲ.

ಮೊದಲು ದಿನಚರಿ, ಆಮೇಲೆ ಕಪಾಟು

ಕಪಾಟು ತೆರೆಯುವ ಮುನ್ನ ಮುಂದಿನ ತಿಂಗಳ ಕಾರ್ಯಕ್ರಮ ಪಟ್ಟಿಯನ್ನು ಆಪ್ತ ಸಹಾಯಕರಿಂದ ತರಿಸಿಕೊಂಡು, ಕಡತದ ದಿನಗಳು, ಸಭೆಯ ದಿನಗಳು, ವೇದಿಕೆಯ ದಿನಗಳು, ಬಯಲಿನ ದಿನಗಳು ಎಂದು ಗುರುತು ಹಾಕಿಕೊಳ್ಳಬೇಕು. ನಮ್ಮ ಬೀದರ, ಕಲಬುರಗಿ, ಯಾದಗಿರಿ ಭಾಗದಲ್ಲಿ ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನ, ರಾಜ್ಯೋತ್ಸವಗಳಲ್ಲದೆ ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದ ಧ್ವಜಾರೋಹಣವೂ ಇದೆ ಎಂಬುದನ್ನು ಹೊರಗಿನಿಂದ ಬಂದವರು ಮರೆಯಬಾರದು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದಂಥ ಕಡೆ ಕೊಟ್ಟಿಗೆ, ಹೈನುಗಾರಿಕೆ ಘಟಕಗಳ ಭೇಟಿಯೂ ದಿನಚರಿಯಲ್ಲಿ ಬರುತ್ತದೆ. ಅಂಥ ದಿನ ಸೀರೆಯ ಹಟ ಬಿಟ್ಟು ಸಲ್ವಾರ್ ಕಮೀಜ್ ತೊಟ್ಟು, ಕಾಲು ಪೂರ್ತಿ ಮುಚ್ಚುವ ಬೂಟು ಹಾಕಿಕೊಳ್ಳುವುದೇ ವಾಸಿ.

ಅಂದಹಾಗೆ, ಅಧಿಕಾರಕ್ಕೆ ಸೀರೆಯೇ ತಕ್ಕದ್ದೆಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಅದನ್ನು ನಿಯಮವೆಂದು ಒಪ್ಪಬೇಕಾಗಿಲ್ಲ. ಮೊಣಕಾಲಿನ ಕೆಳಗಿಳಿಯುವ ನೇರ ಕಮೀಜು, ಇಸ್ತ್ರಿಯಾದ ದುಪಟ್ಟಾ, ಅಥವಾ ಪ್ಯಾಂಟಿನ ಮೇಲೊಂದು ಉದ್ದ ಕೋಟು ಸಭೆಗೆ ಸೀರೆಯಷ್ಟೇ ಗಂಭೀರ. ತಲೆಯ ಮೇಲೆ ಸೆರಗು ಹೊದೆಯುವವರು, ಹಿಜಾಬ್ ಧರಿಸುವವರು ನಮ್ಮ ಮೂರೂ ಜಿಲ್ಲೆಗಳಲ್ಲಿ ಇದ್ದಾರೆ. ಮುಂದೆ ಹೇಳುವ ಮಾತುಗಳಲ್ಲಿ ಬಹುಪಾಲು ಅವರಿಗೂ ಅನ್ವಯಿಸುತ್ತವೆ.

ಬಟ್ಟೆ

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಪರೀಕ್ಷೆ, ಮೌಲ್ಯಮಾಪನಗಳ ಗಡಿಬಿಡಿಯೂ ಬೇಸಿಗೆಯಲ್ಲೇ ಬೀಳುವುದರಿಂದ ಅಧಿಕಾರಿಯಾದವರು ಎಸಿ ಕೋಣೆಯಲ್ಲೇ ಕುಳಿತಿರಲು ಸಾಧ್ಯವಿಲ್ಲ. ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ, ಮೈಗೆ ಅಂಟುತ್ತದೆ. ಹತ್ತಿ, ಖಾದಿ, ಹತ್ತಿ ಬೆರೆತ ರೇಷ್ಮೆ ಈ ಕಾಲಕ್ಕೆ ಸರಿ. ಹತ್ತಿಯ ಸೀರೆಗೆ ಗಂಜಿ ಹಾಕುವಾಗ ಕೈ ಬಿಗಿ ಹಿಡಿಯಬೇಕು. ಗಂಜಿ ಹೆಚ್ಚಾದರೆ ಕುಳಿತೆದ್ದಾಗ ಮಡಿಕೆ ಮುರಿದು, ಮಧ್ಯಾಹ್ನದ ಹೊತ್ತಿಗೆ ಮುಂಭಾಗವೆಲ್ಲ ಗೆರೆ ಬೀಳುತ್ತದೆ.

ಹತ್ತಿರದ ನೇಕಾರಿಕೆಯಲ್ಲೇ ಕಚೇರಿಗೆ ಒಪ್ಪುವ ಆಯ್ಕೆ ಸಾಕಷ್ಟಿದೆ. ಯಾದಗಿರಿಯ ಗಡಿಯಾಚೆಗಿನ ನಾರಾಯಣಪೇಟೆಯ ಸೀರೆ ಹಗುರ, ಸಣ್ಣ ಚೌಕಳಿಯದು; ದಿನನಿತ್ಯದ ಕಡತದ ಕೆಲಸಕ್ಕೆ ಅದಕ್ಕಿಂತ ಸಲೀಸಾದದ್ದು ಸಿಗುವುದು ಕಷ್ಟ. ಇಳಕಲ್ ಸೀರೆಯ ಮಾತು ಬೇರೆ. ಅದರ ಮೈಯ ಹಾಸು (ಉದ್ದದ) ಎಳೆಗಳನ್ನೂ ಸೆರಗಿನ ಹಾಸು ಎಳೆಗಳನ್ನೂ ಕೊಂಡಿ ಹಾಕಿ ಜೋಡಿಸಿ ನೇಯುವುದರಿಂದ, ಮೈ ಹತ್ತಿಯದಾಗಿದ್ದರೂ ಸೆರಗು ಕೆಂಪು ರೇಷ್ಮೆಯದಾಗಿರಲು ಸಾಧ್ಯ. ಮೈ ತಣ್ಣಗಿರುತ್ತದೆ, ದೂರದಿಂದ ನೋಡುವವರಿಗೆ ಸೆರಗು ಎದ್ದು ಕಾಣುತ್ತದೆ. ಹಾಗಾಗಿ ವೇದಿಕೆಯ ದಿನಕ್ಕೆ ನನ್ನ ಮೊದಲ ಆಯ್ಕೆ ಅದೇ. ಆದರೆ ಎರಡು ಬಗೆಯ ನೂಲು ಇರುವ ಸೀರೆಯನ್ನು ಉಳಿದ ಬಟ್ಟೆಯೊಂದಿಗೆ ನೆನೆಹಾಕಬಾರದು, ಇಸ್ತ್ರಿಯ ಕಾವನ್ನೂ ಸೆರಗಿಗೆ ಬಂದಾಗ ಇಳಿಸಬೇಕು. ಮಳೆಗಾಲದಲ್ಲಿ ಎರೆಮಣ್ಣು ಅಂಚಿಗೆ ಹತ್ತಿದರೆ ಹಸಿಯಿದ್ದಾಗ ಉಜ್ಜದೆ, ಪೂರ್ತಿ ಒಣಗಿದ ಮೇಲೆ ಕೊಡವಿ, ನಂತರ ಒಗೆಯಬೇಕು.

ದರ್ಜಿಗೆ ಹೇಳಬೇಕಾದದ್ದು

ಸೀರೆಗಿಂತ ಬ್ಲೌಸಿನ ಹೊಲಿಗೆಗೇ ಹೆಚ್ಚು ಗಮನ ಬೇಕೆಂದು ನನ್ನ ಅಭಿಪ್ರಾಯ. ಅಳತೆ ಕೊಡುವಾಗ ಕೈ ಇಳಿಬಿಟ್ಟು ನಿಂತರೆ ಸಾಲದು. ಎರಡೂ ಕೈಗಳನ್ನು ತಲೆಯ ಮೇಲೆತ್ತಿ, ಮುಂದೆ ಚಾಚಿ ತೋರಿಸಬೇಕು. ಧ್ವಜದ ಹಗ್ಗ ಎಳೆಯುವಾಗ ಕೈ ಇರುವುದು ಹಾಗೆ, ಪದವಿ ಪ್ರಮಾಣಪತ್ರ ಕೊಡುವಾಗ ಇರುವುದು ಹೀಗೆ. ಕಂಕುಳ ಬಿಗಿಯಾದ ಬ್ಲೌಸು ಕೈ ಎತ್ತಿದೊಡನೆ ಸೊಂಟದಿಂದ ಮೇಲೇರುತ್ತದೆ. ಉದ್ದವನ್ನು ಎರಡು ಬೆರಳಿನಷ್ಟು ಹೆಚ್ಚಿಸಿ, ಮೊಣಕೈವರೆಗಿನ ತೋಳು ಇಡಿಸಿ, ಹತ್ತಿಯ ಲೈನಿಂಗ್ ಹಾಕಿಸಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಪೆಟಿಕೋಟಿಗೆ ಮೊಬೈಲು ಹಿಡಿಯುವಷ್ಟು ಒಂದು ಜೇಬನ್ನೂ ಹೇಳಿ ಹೊಲಿಸಿಕೊಳ್ಳಬಹುದು. ಪೆಟಿಕೋಟಿನ ಬದಲು ತೊಡುವ, ಮೀನಿನ ಬಾಲದಂಥ ಬಿಗಿ ಶೇಪರ್‌ಗಳಲ್ಲಿ ಹೆಜ್ಜೆ ಅಗಲವಾಗಿ ಬೀಳದ ಕಾರಣ, ವೇದಿಕೆಯ ಮೆಟ್ಟಿಲಿರುವ ದಿನ ಅವು ಬೇಡ.

ಚಪ್ಪಲಿ ಮೆಟ್ಟಿಯೇ ಉಡುವುದು

ಆ ದಿನ ಹಾಕಿಕೊಳ್ಳಲಿರುವ ಚಪ್ಪಲಿಯನ್ನು ಮೆಟ್ಟಿಕೊಂಡೇ ನೆರಿಗೆ ಹಿಡಿಯಬೇಕು ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಇದರಲ್ಲೊಂದು ತೊಡಕಿದೆ. ದೀಪ ಬೆಳಗುವ ಮುನ್ನ ಚಪ್ಪಲಿ ಬಿಡುವುದು ನಮ್ಮಲ್ಲಿ ರೂಢಿ, ಧ್ವಜಕಟ್ಟೆಯ ಬಳಿಯೂ ಅನೇಕರು ಬಿಡುತ್ತಾರೆ. ಎತ್ತರದ ಹಿಮ್ಮಡಿಗೆ ಹೊಂದಿಸಿದ ಸೀರೆ ಬರಿಗಾಲಿಗೆ ಬಂದೊಡನೆ ನೆಲ ಗುಡಿಸುತ್ತದೆ, ಮುಂದಿನ ಹೆಜ್ಜೆ ಅಂಚಿನ ಮೇಲೆಯೇ ಬೀಳುತ್ತದೆ. ಆದುದರಿಂದ ವೇದಿಕೆ ಮತ್ತು ಧ್ವಜದ ದಿನಗಳಿಗೆ ಬಕಲ್ ಇಲ್ಲದ, ಬಗ್ಗದೆ ಕಳಚಬಹುದಾದ ಚಪ್ಪಟೆ ಚಪ್ಪಲಿಯೇ ಇರಲಿ.

ಸೆರಗನ್ನು ಕಚೇರಿಯಲ್ಲಿ ಬಿಡಿಯಾಗಿ ಹೊದ್ದರೆ ನಡೆಯುತ್ತದೆ. ವೇದಿಕೆಯ ದಿನ ಮಡಿಕೆ ಹಾಕಿ ಭುಜಕ್ಕೆ ಪಿನ್ನು ಹಾಕಲೇಬೇಕು. ಪಿನ್ನಿನ ತಿರುವಿನಲ್ಲಿ ಎಳೆ ಸಿಕ್ಕಿಕೊಂಡು ರೇಷ್ಮೆ ಹರಿಯದಂತೆ ಮೊದಲು ಒಂದು ಸಣ್ಣ ಮಣಿ ಪೋಣಿಸಿ, ಆಮೇಲೆ ಸೀರೆಗೆ ಚುಚ್ಚುವ ಹಳೆಯ ಉಪಾಯ ಇಂದಿಗೂ ಸರಿಯಾದದ್ದು.

ಮೈಕು ಮತ್ತು ದೀಪ

ಕಾಲರ್ ಮೈಕು ಹೆಸರೇ ಹೇಳುವಂತೆ ಕಾಲರ್ ಇರುವ ಉಡುಪನ್ನು ನೋಡಿ ಮಾಡಿದ್ದು. ಧ್ವನಿವರ್ಧಕದವರು ಅದನ್ನು ಕೈಯಲ್ಲಿ ಹಿಡಿದು ಮುಜುಗರದಿಂದ ನಿಲ್ಲುವುದಕ್ಕಿಂತ, ತಾವೇ ಮುಂಚಿತವಾಗಿ ಜಾಗ ಗೊತ್ತು ಮಾಡಿಕೊಂಡಿರುವುದು ಒಳ್ಳೆಯದು. ಎಡ ಎದೆಯ ಮೇಲೆ ಹಾಯುವ ಸೆರಗಿನ ಒಳಮಡಿಕೆಯ ಅಂಚಿಗೆ ಕ್ಲಿಪ್ಪು ಹಾಕಿ, ತಂತಿಯನ್ನು ಸೆರಗಿನ ಹಿಂದೆ ಇಳಿಬಿಡಬೇಕು. ಮೈಕಿನ ಪೆಟ್ಟಿಗೆಯನ್ನು ಬೆನ್ನಿಗೆ ಸಿಕ್ಕಿಸಿದರೆ ಕುರ್ಚಿಗೆ ಒರಗಿದಾಗ ಒತ್ತುತ್ತದೆ. ಸೊಂಟದ ಎಡಬದಿಯಲ್ಲಿ, ಸೆರಗಿನ ಮರೆಯಲ್ಲಿ ಇದ್ದರೆ ಯಾರಿಗೂ ಕಾಣುವುದಿಲ್ಲ. ಪೆಟಿಕೋಟಿನ ಲಾಡಿಯೊಂದೇ ಅದರ ಭಾರ ತಡೆಯದು, ಒಳಗಡೆ ಬಟ್ಟೆಯ ಸಣ್ಣ ಪಟ್ಟಿಯೊಂದನ್ನು ಹೊಲಿಸಿಕೊಂಡಿರಬೇಕು. ತಾಳಿಯ ಸರ, ಮಣಿಸರ, ಗಂಜಿ ಹಾಕಿದ ಸೆರಗು ಮೈಕಿಗೆ ತಾಗಿದರೆ ಸಭಾಂಗಣಕ್ಕೆಲ್ಲ ಕರಕರ ಸದ್ದು ಕೇಳಿಸುತ್ತದೆ. ಸರವನ್ನು ಬ್ಲೌಸಿನ ಒಳಗೆ ಸೇರಿಸುವುದು ಸುಲಭದ ಪರಿಹಾರ. ಹಿಜಾಬ್ ಧರಿಸುವವರು ಮೈಕನ್ನು ಬಟ್ಟೆಯ ಒಳಗಿಡದೆ ಹೊರ ಅಂಚಿಗೇ ಹಾಕಿಸಿಕೊಳ್ಳಬೇಕು, ಇಲ್ಲವಾದರೆ ಮಾತು ಮಬ್ಬಾಗುತ್ತದೆ.

ದೀಪದ ಮುಂದೆ ಬಗ್ಗುವಾಗ ಸೆರಗಿನ ತುದಿ ಎಡಗೈಯ ಮೇಲಿಂದ ಜಾರಿ ಮುಂದೆ ಬರುತ್ತದೆ. ಬೆಳಗುವ ಮುನ್ನವೇ ಅದನ್ನು ಬೆನ್ನ ಹಿಂದಿನಿಂದ ತಂದು ಬಲಸೊಂಟಕ್ಕೆ ಸಿಕ್ಕಿಸಬೇಕು. ಇದು ಅಂದದ ಮಾತಲ್ಲ: ಪಾಲಿಯೆಸ್ಟರ್ ಬಟ್ಟೆಗೆ ಕಿಡಿ ತಾಗಿದರೆ ಅದು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಘಟಿಕೋತ್ಸವದ ಗೌನು

ವಿಶ್ವವಿದ್ಯಾಲಯ ಅನುದಾನ ಆಯೋಗವು ಘಟಿಕೋತ್ಸವದ ಉಡುಪಿಗೆ ಕೈಮಗ್ಗದ ಬಟ್ಟೆ ಬಳಸುವಂತೆ 2019ರಲ್ಲಿ ವಿಶ್ವವಿದ್ಯಾಲಯಗಳನ್ನು ಕೇಳಿಕೊಂಡಿತ್ತು. ಗೌನು ಬಿಟ್ಟು ಶಲ್ಯಕ್ಕೆ ಬಂದ ಕಡೆ ಕೆಲಸ ಹಗುರ. ಗೌನು ಉಳಿದಿರುವ ಕಡೆ ಅದನ್ನು ಹಿಂದಿನ ದಿನವೇ ತರಿಸಿಕೊಂಡು, ಮರುದಿನ ಉಡಲಿರುವ ಸೀರೆಯ ಮೇಲೆಯೇ ಹಾಕಿ ನೋಡಬೇಕು. ಭುಜದ ಮೇಲೆ ಸೆರಗಿನ ಮಡಿಕೆಗಳು ದಪ್ಪವಾಗಿದ್ದರೆ ಗೌನಿನ ಎಡಭಾಗ ಎದ್ದು ನಿಲ್ಲುತ್ತದೆ. ಮಡಿಕೆಗಳನ್ನು ಕಿರಿದಾಗಿಸಿ ಚಪ್ಪಟೆಯಾಗಿ ಪಿನ್ನು ಹಾಕಬೇಕು. ಸೆರಗಿನ ತುದಿ ಮೊಣಕಾಲಿನಿಂದ ಮೇಲೆಯೇ ನಿಲ್ಲಲಿ, ಇಲ್ಲದಿದ್ದರೆ ಅದು ಗೌನಿನ ಕೆಳಗೆ ಇಣುಕಿ, ಮೆಟ್ಟಿಲಿಳಿಯುವಾಗ ಕಾಲಿಗೆ ಸಿಗುತ್ತದೆ.

ಹೆಚ್ಚು ಕಾಡುವುದು ಹುಡ್, ಅಂದರೆ ಗೌನಿನ ಮೇಲೆ ಕತ್ತಿನ ಸುತ್ತ ಹಾಕಿ ಬೆನ್ನಿಗೆ ಇಳಿಬಿಡುವ ಬಟ್ಟೆ. ಅದರ ಮುಂಭಾಗದ ಒಳಗೆ ಸಣ್ಣದೊಂದು ಕುಣಿಕೆ ಇರುತ್ತದೆ. ಅಂಗಿಯ ಗುಂಡಿಗೆ ಸಿಕ್ಕಿಸಲೆಂದು ಇಟ್ಟದ್ದು. ಸೀರೆ ಉಟ್ಟವರಿಗೆ ಆ ಗುಂಡಿಯೇ ಇಲ್ಲವಾದ್ದರಿಂದ, ಹುಡ್ಡಿನ ಭಾರವೆಲ್ಲ ಬೆನ್ನಿಗೆ ಜಗ್ಗಿ ಮುಂಭಾಗ ಗಂಟಲಿಗೆ ಒತ್ತುತ್ತದೆ. ಮೆರವಣಿಗೆಯ ಉದ್ದಕ್ಕೂ ಕೈಯಿಂದ ಅದನ್ನು ಕೆಳಗೆಳೆಯುತ್ತ ನಡೆಯುವವರನ್ನು ನೀವೂ ನೋಡಿರಬಹುದು. ಘಟಿಕೋತ್ಸವಕ್ಕೆಂದೇ ಇಟ್ಟುಕೊಂಡ ಬ್ಲೌಸಿಗೆ, ಕತ್ತಿನ ಪಟ್ಟಿಯ ನಡುವೆ, ಅದೇ ಬಟ್ಟೆ ಮುಚ್ಚಿದ ಒಂದು ಗುಂಡಿ ಹೊಲಿಸಿದರೆ ಸಾಕು. ಅದಾಗದಿದ್ದರೆ ಕುಣಿಕೆಯನ್ನು ಬ್ಲೌಸಿಗೆ ಪಿನ್ನು ಹಾಕಿ, ಎರಡೂ ಭುಜಗಳಲ್ಲಿ ಹುಡ್ಡನ್ನು ಗೌನಿಗೆ ಒಳಗಿನಿಂದ ಸೇರಿಸಬೇಕು. ಕೆಲಸ ಎರಡು ನಿಮಿಷದ್ದು, ಆದರೆ ಇನ್ನೊಬ್ಬರ ಕೈ ಬೇಕು.

ಒಡವೆ ಮತ್ತು ಕಚೇರಿಯ ಡಬ್ಬಿ

ಒಡವೆಯ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಸಹಿ ಹಾಕುವಾಗ ಮೇಜಿಗೆ ಬಡಿಯುವ ಬಳೆಗಳು ಬೇಡ. ಒಂದೇ ಒಡವೆ ಎದ್ದು ಕಾಣಲೆಂದಿದ್ದರೆ ಬೀದರಿನ ಕುಶಲಕರ್ಮಿಗಳು ಮಾಡುವ ಬಿದರಿ ಪದಕ ನೋಡಬಹುದು: ಸತು, ತಾಮ್ರ ಬೆರೆತ ಲೋಹದಲ್ಲಿ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪಾಗಿಸಿದ ಈ ಕೆಲಸ ಬಿಳಿ, ಕೆಂಪು, ಹಸಿರು ಯಾವ ಸೀರೆಗೂ ಒಪ್ಪುತ್ತದೆ. ಅದನ್ನು ಹುಣಸೆಹಣ್ಣು ಹಾಕಿ ತಿಕ್ಕದೆ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು.

ಕೊನೆಯದಾಗಿ, ಕಚೇರಿಯ ಕಪಾಟಿನಲ್ಲಿ ಇಸ್ತ್ರಿಯಾದ ಒಂದು ಸೀರೆ, ಅದರ ಬ್ಲೌಸು, ಪೆಟಿಕೋಟು ಸದಾ ಇರಬೇಕು. ಸನ್ಮಾನದ ಹಾರದಿಂದ ನೀರು ಸೋರಿ ಸೀರೆಗೆ ಕಲೆಯಾಗುವುದು, ಚಹಾ ಚೆಲ್ಲುವುದು, ಮಂತ್ರಿಗಳ ಭೇಟಿ ಅರ್ಧ ಗಂಟೆ ಮುಂಚೆ ತಿಳಿಯುವುದು ಇವೆಲ್ಲ ಇರುವಂಥವೇ. ಪಕ್ಕದಲ್ಲಿ ಒಂದು ಡಬ್ಬಿ: ಬೇರೆಬೇರೆ ಅಳತೆಯ ಪಿನ್ನು, ಸೂಜಿದಾರ, ಒಂದೆರಡು ಹುಕ್ಕು, ಕರವಸ್ತ್ರ, ಸ್ಯಾನಿಟರಿ ಪ್ಯಾಡು, ಬಿಡಿ ಚಪ್ಪಲಿ. ಡಬ್ಬಿ ಎಲ್ಲಿದೆಯೆಂದು ಕಚೇರಿಯ ಇನ್ನೊಬ್ಬ ಮಹಿಳೆಗೂ ತಿಳಿದಿರಲಿ. ವೇದಿಕೆಯ ಮೇಲಿಂದ ಕಣ್ಸನ್ನೆ ಮಾಡಿದಾಗ ಅದನ್ನು ತಂದುಕೊಡಬೇಕಾದವರು ಅವರೇ.