ವಸೂಲಿ ಏಜೆನ್ಸಿಯ ಕಾಗದ ಬಂದಾಗ: ಬ್ರಿಟನ್ನಿಗೆ ಹೊಸದಾಗಿ ಬಂದವರಿಗೆ

ಬಾಡಿಗೆ ಮನೆಗೆ ಕಾಲಿಟ್ಟು ತಿಂಗಳು ಕಳೆದಿರುವುದಿಲ್ಲ, ಬಾಗಿಲ ಸಂದಿಯಿಂದ ಕೆಂಪು ಅಕ್ಷರದ ಕಾಗದವೊಂದು ಬೀಳುತ್ತದೆ. ಇಂತಿಷ್ಟು ಪೌಂಡ್ ಬಾಕಿ, ಏಳು ದಿನದೊಳಗೆ ಕಟ್ಟಿ, ಇಲ್ಲವಾದರೆ ಮನೆಗೆ ಬರಬಹುದು, ಕೋರ್ಟಿಗೆ ಹೋಗಬಹುದು ಎಂದೆಲ್ಲ ಬರೆದಿರುತ್ತದೆ. ಊರಲ್ಲಿ ಫೈನಾನ್ಸಿನವರು ಮನೆ ಮುಂದೆ ನಿಂತು ಕೂಗಾಡಿದ್ದನ್ನು ಕಂಡವರಿಗೆ ಇಷ್ಟು ಸಾಕು, ಎದೆ ಧಸಕ್ಕೆನ್ನುತ್ತದೆ. ಆಗ ಜನ ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ. ಹೆದರಿ ಫೋನಿನಲ್ಲೇ ಕಾರ್ಡ್ ನಂಬರ್ ಕೊಟ್ಟುಬಿಡುತ್ತಾರೆ, ಇಲ್ಲವೇ ಬಂದದ್ದನ್ನೆಲ್ಲ ಕಸದ ಬುಟ್ಟಿಗೆ ಹಾಕುತ್ತಾರೆ. ಎರಡನೆಯದು ಹೆಚ್ಚು ದುಬಾರಿ. ಏಜೆನ್ಸಿಯ ಹತ್ತು ಕಾಗದದ ಜೊತೆ ಕೋರ್ಟಿನ ಹನ್ನೊಂದನೆಯದೂ ಬುಟ್ಟಿ ಸೇರಿಬಿಡುತ್ತದೆ.

ಮೊದಲು ಲಕೋಟೆಯ ಮೇಲಿನ ಹೆಸರು ನೋಡಿ. ಹಿಂದಿನ ಬಾಡಿಗೆದಾರನ ಹೆಸರಾಗಿದ್ದರೆ ಒಡೆಯಬೇಡಿ. ವಿಳಾಸಕ್ಕೆ ಅಡ್ಡಗೆರೆ ಎಳೆದು ‘ನಾಟ್ ನೋನ್ ಅಟ್ ದಿಸ್ ಅಡ್ರೆಸ್, ರಿಟರ್ನ್ ಟು ಸೆಂಡರ್’ ಎಂದು ಬರೆದು ಕೆಂಪು ಅಂಚೆಪೆಟ್ಟಿಗೆಗೆ ಹಾಕಿ, ಸ್ಟಾಂಪ್ ಬೇಕಿಲ್ಲ. ಇಲ್ಲಿ ಸಾಲ ಅಂಟಿಕೊಳ್ಳುವುದು ಮನುಷ್ಯನಿಗೆ, ಮನೆಗಲ್ಲ. ‘ಆ ವಿಳಾಸದಲ್ಲಿ ಸಾಲಗಾರನಿದ್ದ, ಹಾಗಾಗಿ ನಿಮಗೂ ಸಾಲ ಸಿಗುವುದಿಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವರ ಜೊತೆ ನಿಮಗೆ ಜಂಟಿ ಖಾತೆಯೋ ಜಂಟಿ ಸಾಲವೋ ಇಲ್ಲದಿದ್ದರೆ ಅದು ನಿಮ್ಮ ಕ್ರೆಡಿಟ್ ದಾಖಲೆಯನ್ನು ಮುಟ್ಟುವುದಿಲ್ಲ.

ನಮ್ಮವರಿಗೆ ಇದರಲ್ಲಿ ಒಂದು ವಿಶೇಷ ತೊಡಕಿದೆ. ಇನಿಷಿಯಲ್ ಬಿಡಿಸಿ ಬರೆದ ಹೆಸರು, ಅಪ್ಪನ ಹೆಸರೋ ಊರಿನ ಹೆಸರೋ ಸರ್‌ನೇಮ್ ಆಗಿರುವುದು, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗವೇ ಖಾಲಿ ಇರುವುದು: ಇದರಿಂದ ಒಬ್ಬನೇ ವ್ಯಕ್ತಿ ಬ್ಯಾಂಕಿನಲ್ಲಿ ಒಂದು ಹೆಸರಾಗಿ, ಕರೆಂಟ್ ಬಿಲ್ಲಿನಲ್ಲಿ ಇನ್ನೊಂದಾಗಿ ಇರುತ್ತಾನೆ. ಏಜೆನ್ಸಿಗಳು ಹಳೆ ವಿಳಾಸ ಬಿಟ್ಟುಹೋದವರನ್ನು ಹೆಸರು ಮತ್ತು ಜನ್ಮದಿನಾಂಕ ಹಿಡಿದು ಹುಡುಕುತ್ತವೆ. ‘ಈ ಹೆಸರಿನವರು ನೀವೇ ಆಗಿದ್ದರೆ ಒಂದು ವೈಯಕ್ತಿಕ ವಿಷಯಕ್ಕೆ ನಮ್ಮನ್ನು ಸಂಪರ್ಕಿಸಿ’ ಎಂಬ ಕಾಗದ ಬಂದರೆ ಅದು ಇನ್ನೊಬ್ಬ ಮಂಜುನಾಥನಿಗೆ ಬೀಸಿದ ಬಲೆಯೂ ಇರಬಹುದು. ನಿಮ್ಮ ಜನ್ಮದಿನಾಂಕವನ್ನು ನೀವಾಗಿಯೇ ಕೊಟ್ಟು ಆ ಜಾಗ ತುಂಬಬೇಡಿ. ‘ನಿಮ್ಮಲ್ಲಿರುವ ಹಿಂದಿನ ವಿಳಾಸ ಯಾವುದು?’ ಎಂದು ಬರೆದು ಕೇಳಿ. ನೀವು ಎಂದೂ ಇರದ ವಿಳಾಸ ಬಂದರೆ ಮಾತು ಅಲ್ಲಿಗೆ ಮುಗಿಯಿತು.

ಏಜೆನ್ಸಿ ಬೇರೆ, ಅಮೀನ ಬೇರೆ

ಇಡೀ ವಿಷಯದಲ್ಲಿ ತಲೆಗೆ ಹತ್ತಬೇಕಾದದ್ದು ಈ ವ್ಯತ್ಯಾಸ. ವಸೂಲಿ ಏಜೆನ್ಸಿ ಎಂದರೆ ಪತ್ರ ಬರೆಯುವ, ಫೋನ್ ಮಾಡುವ ಖಾಸಗಿ ಕಂಪನಿ, ಅಷ್ಟೇ. ಅವರಿಗೆ ಮನೆಯೊಳಗೆ ಬರುವ ಅಧಿಕಾರವಿಲ್ಲ, ಸಾಮಾನು ಮುಟ್ಟುವ ಅಧಿಕಾರವಿಲ್ಲ, ನಿಮ್ಮ ಕೆಲಸದ ಜಾಗದಲ್ಲಿ ಸಾಲದ ಸುದ್ದಿ ಹೇಳುವಂತಿಲ್ಲ. ಬಾಗಿಲಿಗೆ ಬಂದರೆ ‘ಹೊರಡಿ’ ಎಂದರೆ ಹೊರಡಬೇಕು. ನಮ್ಮ ಕೋರ್ಟಿನ ಅಮೀನನಿಗೆ ಸಮಾನರಾದವರು ಇಲ್ಲಿನ ಬೈಲಿಫ್‌ಗಳು. ಈಗಿನ ಅಧಿಕೃತ ಹೆಸರು ಎನ್‌ಫೋರ್ಸ್‌ಮೆಂಟ್ ಏಜೆಂಟ್, ಸ್ಕಾಟ್ಲೆಂಡಿನಲ್ಲಿ ಶೆರಿಫ್ ಆಫೀಸರ್. ಅವರು ಸಾಮಾನ್ಯವಾಗಿ ಬರುವುದು ಕೋರ್ಟ್ ಆದೇಶವಾದ ಮೇಲೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬರುವ ಮುಂಚೆ ಏಳು ಪೂರ್ಣ ದಿನದ ನೋಟಿಸ್ ಕೊಡಬೇಕು. ಮಾಮೂಲಿ ಬಾಕಿಗೆ ಮೊದಲ ಭೇಟಿಯಲ್ಲಿ ಬಾಗಿಲು ಮುರಿದು ನುಗ್ಗುವಂತಿಲ್ಲ, ಆದರೆ ತೆರೆದ ಬಾಗಿಲಿನಿಂದ ಬರಬಹುದು. ಹಾಗಾಗಿ ಮಾತುಕತೆ ಕಿಟಕಿಯಿಂದಲೋ ಅಂಚೆ ಸಂದಿಯಿಂದಲೋ ಇರಲಿ. ಹಿಂದಿನ ಬಾಡಿಗೆದಾರನನ್ನು ಹುಡುಕಿ ಬಂದಿದ್ದರೆ ನಿಮ್ಮ ಬಾಡಿಗೆ ಕರಾರು, ನಿಮ್ಮ ಹೆಸರಿನ ಕೌನ್ಸಿಲ್ ಟ್ಯಾಕ್ಸ್ (ಸ್ಥಳೀಯ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆ) ಬಿಲ್ ಗಾಜಿನಿಂದಲೇ ತೋರಿಸಿ.

ಯಾವ ಬಾಕಿ ಎಂಬುದರ ಮೇಲೂ ದಾರಿ ಬದಲಾಗುತ್ತದೆ. ಕ್ರೆಡಿಟ್ ಕಾರ್ಡ್, ಮೊಬೈಲ್, ಬ್ರಾಡ್‌ಬ್ಯಾಂಡ್, ಜಿಮ್ ಇವುಗಳ ಬಾಕಿ ಮೊದಲು ಏಜೆನ್ಸಿಗೆ ಹೋಗುತ್ತದೆ, ಅವಸರ ಕಡಿಮೆ. ಕೌನ್ಸಿಲ್ ಟ್ಯಾಕ್ಸ್ ಹಾಗಲ್ಲ. ಒಂದು ಕಂತು ತಪ್ಪಿ, ಜ್ಞಾಪನಾ ಪತ್ರ ಬಂದ ಮೇಲೂ ಏಳು ದಿನದಲ್ಲಿ ಹಣ ಕಟ್ಟದಿದ್ದರೆ ಇಂಗ್ಲೆಂಡಿನಲ್ಲಿ ಇಡೀ ವರ್ಷದ್ದನ್ನು ಒಟ್ಟಿಗೆ ಕೇಳುತ್ತಾರೆ, ಆಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಸಮನ್ಸ್, ಆಮೇಲೆ ಬೈಲಿಫ್. ಕೈಯಲ್ಲಿ ಹಣ ಸ್ವಲ್ಪವೇ ಇದ್ದರೆ ಮೊದಲು ಇದಕ್ಕೆ ಮತ್ತು ಬಾಡಿಗೆಗೆ ಕಟ್ಟಿ, ಕ್ರೆಡಿಟ್ ಕಾರ್ಡಿನವನು ಕಾಯಲಿ. ಮನೆಯಲ್ಲಿರುವ ಎಲ್ಲರೂ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ಈ ತೆರಿಗೆಯೇ ಇಲ್ಲ, ಆದರೆ ವಿಶ್ವವಿದ್ಯಾಲಯದ ಪ್ರಮಾಣಪತ್ರವನ್ನು ಕೌನ್ಸಿಲ್‌ಗೆ ಕಳಿಸುವುದು ನಿಮ್ಮ ಕೆಲಸ.

ಪಾರ್ಕಿಂಗ್‌ನಲ್ಲಿ ಎರಡು ಜಾತಿ. ಕೌನ್ಸಿಲ್ ಕೊಡುವುದು ಪೆನಾಲ್ಟಿ ಚಾರ್ಜ್ ನೋಟಿಸ್, ಸೂಪರ್‌ಮಾರ್ಕೆಟ್ ಜಾಗ ನೋಡಿಕೊಳ್ಳುವ ಖಾಸಗಿ ಕಂಪನಿ ಕೊಡುವುದು ಪಾರ್ಕಿಂಗ್ ಚಾರ್ಜ್ ನೋಟಿಸ್. ಎರಡನ್ನೂ ಪಿಸಿಎನ್ ಎಂದೇ ಕರೆಯುತ್ತಾರೆ, ಕಾಗದವೂ ಬೇಕೆಂದೇ ಒಂದೇ ಥರ ಕಾಣುತ್ತದೆ. ಖಾಸಗಿಯವರದು ದಂಡವಲ್ಲ, ಕರಾರು ಮುರಿದದ್ದಕ್ಕೆ ಕೇಳುವ ಹಣ. ಅದು ವಸೂಲಿ ಏಜೆನ್ಸಿಗೆ ಹೋದರೆ 70 ಪೌಂಡ್‌ವರೆಗೆ ಸೇರಿಸುತ್ತಾರೆ. ಕಾರು ಕೊಂಡವರು ವಿ5ಸಿ ಎಂಬ ಕಾರಿನ ನೋಂದಣಿ ಪತ್ರದಲ್ಲಿ ವಿಳಾಸ ಬದಲಿಸದೆ ಮನೆ ಬಿಟ್ಟಿದ್ದರೆ ಈ ನೋಟಿಸುಗಳೆಲ್ಲ ಹಳೆ ಮನೆಗೆ ಹೋಗಿ, ನಿಮಗೆ ಗೊತ್ತಾಗುವ ಹೊತ್ತಿಗೆ ಕೋರ್ಟ್ ತೀರ್ಪೇ ಆಗಿರುತ್ತದೆ.

ನಿಜದ ಏಜೆನ್ಸಿಯೇ?

ಕಾಗದದ ಮೇಲಿರುವ ನಂಬರಿಗೆ ಫೋನ್ ಮಾಡಬೇಡಿ, ಎಸ್‌ಎಂಎಸ್‌ನ ಲಿಂಕ್ ಒತ್ತಬೇಡಿ. ಗ್ರಾಹಕ ಸಾಲ ವಸೂಲಿ ಮಾಡುವ ಕಂಪನಿಗೆ ಎಫ್‌ಸಿಎ, ಅಂದರೆ ಫೈನಾನ್ಶಿಯಲ್ ಕಂಡಕ್ಟ್ ಅಥಾರಿಟಿಯ ಅನುಮತಿ ಬೇಕು. ಎಫ್‌ಸಿಎ ರಿಜಿಸ್ಟರ್ ಆನ್‌ಲೈನಿನಲ್ಲಿದೆ. ಅದರಲ್ಲಿ ಕಂಪನಿಯ ಹೆಸರು ಹುಡುಕಿ, ಅಲ್ಲಿ ಕೊಟ್ಟ ವಿಳಾಸ, ಫೋನ್ ನಂಬರು ಮಾತ್ರ ಬಳಸಿ. ಮೊಬೈಲ್, ಪಾರ್ಕಿಂಗ್ ಬಾಕಿ ಮಾತ್ರ ನೋಡುವ ಕಂಪನಿ ಅದರಲ್ಲಿ ಇರದಿರಬಹುದು, ಆಗ ಮೂಲ ಕಂಪನಿಗೇ ಕೇಳಿ. ಲೋವೆಲ್, ಕ್ಯಾಬಟ್‌ನಂಥ ಹೆಸರು ನಿಮಗೆ ಅಪರಿಚಿತವೆಂದ ಮಾತ್ರಕ್ಕೆ ಮೋಸ ಅಂದುಕೊಳ್ಳಬೇಡಿ. ಬ್ಯಾಂಕು, ಮೊಬೈಲ್ ಕಂಪನಿಗಳು ಹಳೆ ಬಾಕಿಯನ್ನು ಇಂಥವರಿಗೆ ಮಾರಿಬಿಡುತ್ತವೆ. ಮಾರಿದಾಗ ‘ನೋಟಿಸ್ ಆಫ್ ಅಸೈನ್‌ಮೆಂಟ್’ ಎಂಬ ಕಾಗದ ಬರುತ್ತದೆ. ಆಮೇಲೆ ಹಣ ಕಟ್ಟಬೇಕಾದದ್ದು ಹೊಸ ಮಾಲೀಕನಿಗೆ, ಹಳೆ ಬ್ಯಾಂಕಿಗಲ್ಲ. ‘ಇವತ್ತೇ ಕಟ್ಟದಿದ್ದರೆ ಪೊಲೀಸ್ ಬರುತ್ತಾರೆ, ವೀಸಾ ರದ್ದಾಗುತ್ತದೆ’ ಎನ್ನುವವನು, ಗಿಫ್ಟ್ ಕಾರ್ಡ್ ಕೇಳುವವನು ಮೋಸಗಾರನೇ. ಕಾರ್ಡಿನ, ಮೊಬೈಲಿನ ಬಾಕಿಗೆ ಇಲ್ಲಿ ಜೈಲಿಲ್ಲ.

ಬರೆದು ಕೇಳಿ, ಒಪ್ಪಿಕೊಳ್ಳದೆ ಕೇಳಿ

ಬಾಕಿಯ ನೆನಪೇ ಇಲ್ಲವೆಂದಾದರೆ ಅರ್ಧ ಪುಟದ ಪತ್ರ ಸಾಕು. ಅವರ ರೆಫರೆನ್ಸ್ ನಂಬರ್ ಮೇಲೆ ಹಾಕಿ. ಮೊದಲ ಸಾಲು: ‘ಐ ಡು ನಾಟ್ ಅಕ್ನಾಲೆಜ್ ಎನಿ ಡೆಟ್ ಟು ಯುವರ್ ಕಂಪನಿ.’ ಆಮೇಲೆ ನಾಲ್ಕು ಪ್ರಶ್ನೆ: ಮೂಲ ಸಾಲ ಯಾರದು, ಯಾವ ದಿನಾಂಕದ್ದು, ಯಾವ ವಿಳಾಸದ್ದು, ಬಡ್ಡಿ ಮತ್ತು ಶುಲ್ಕ ಬೇರೆ ಮಾಡಿದ ಲೆಕ್ಕ ಎಲ್ಲಿ. ಇನ್ನು ಮುಂದೆ ಪತ್ರದ ಮೂಲಕವೇ ಮಾತಾಡಿ ಎಂದು ಕೊನೆಗೆ ಸೇರಿಸಿ. ಅಂಚೆ ಕಚೇರಿಯಲ್ಲಿ ‘ಪ್ರೂಫ್ ಆಫ್ ಪೋಸ್ಟಿಂಗ್’ ಚೀಟಿ ಪುಕ್ಕಟೆ ಕೊಡುತ್ತಾರೆ, ಕೇಳಿ ಪಡೆದು ಪತ್ರದ ನಕಲಿಗೆ ಪಿನ್ ಮಾಡಿಡಿ. ಸಕಾರಣವಾಗಿ ತಕರಾರು ಎತ್ತಿದ ಮೇಲೆ ವಿಚಾರಿಸಿ ನೋಡುವವರೆಗೆ ತಗಾದೆ ನಿಲ್ಲಿಸಬೇಕೆಂಬುದು ಎಫ್‌ಸಿಎ ನಿಯಮ. ನಿಲ್ಲಿಸದಿದ್ದರೆ ಕಂಪನಿಗೆ ದೂರು ಕೊಡಿ. ಎಂಟು ವಾರದಲ್ಲಿ ಅಂತಿಮ ಉತ್ತರ ಬರಬೇಕು, ಬರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಇಂಥ ದೂರು ತೀರ್ಮಾನಿಸುವ ಸ್ವತಂತ್ರ ಸಂಸ್ಥೆ ಫೈನಾನ್ಶಿಯಲ್ ಒಂಬುಡ್ಸ್‌ಮನ್ ಇದೆ. ಅಂತಿಮ ಉತ್ತರದಿಂದ ಆರು ತಿಂಗಳೊಳಗೆ ಹೋಗಬೇಕು, ಶುಲ್ಕವಿಲ್ಲ.

ಕ್ರೆಡಿಟ್ ಕಾರ್ಡ್ ಅಥವಾ ಸಾಲವಾದರೆ ಇನ್ನೊಂದು ಅಸ್ತ್ರವಿದೆ. 1974ರ ಕನ್ಸ್ಯೂಮರ್ ಕ್ರೆಡಿಟ್ ಕಾಯ್ದೆಯ 77 ಮತ್ತು 78ನೇ ಸೆಕ್ಷನ್ ಪ್ರಕಾರ 1 ಪೌಂಡ್ ಕಳಿಸಿ ಕರಾರಿನ ಪ್ರತಿ ಕೇಳಬಹುದು. 12 ಕೆಲಸದ ದಿನದಲ್ಲಿ ಕೊಡದಿದ್ದರೆ, ಕೊಡುವ ತನಕ ಅವರು ಕೋರ್ಟಿನಲ್ಲಿ ಆ ಸಾಲ ಜಾರಿ ಮಾಡಿಸುವಂತಿಲ್ಲ. ಇದರಿಂದ ಸಾಲ ಮನ್ನಾ ಆಗುವುದಿಲ್ಲ, ತಡೆ ಬೀಳುತ್ತದೆ ಅಷ್ಟೇ. ಮೊಬೈಲ್ ಬಿಲ್ಲಿಗೆ, ಕರೆಂಟಿಗೆ, ಪಾರ್ಕಿಂಗ್‌ಗೆ ಇದು ನಡೆಯದು. ಕರೆಂಟು, ಗ್ಯಾಸಿಗೆ ಬೇರೆ ರಕ್ಷಣೆ: ಕಂಪನಿಯ ತಪ್ಪಿನಿಂದ ಬಿಲ್ ಬಾರದಿದ್ದರೆ 12 ತಿಂಗಳಿಗಿಂತ ಹಿಂದಿನ ಬಳಕೆಗೆ ಈಗ ಹಣ ಕೇಳುವಂತಿಲ್ಲ. ಮನೆಗೆ ಬಂದ ದಿನವೇ ಮೀಟರಿನ ಫೋಟೊ ತೆಗೆದಿಟ್ಟವರು ಇಂಥ ಜಗಳವನ್ನು ಒಂದೇ ಪತ್ರದಲ್ಲಿ ಮುಗಿಸುತ್ತಾರೆ.

ಸಾಲ ಹಳೆಯದಾಗಿದ್ದರೆ ಬರೆಯುವ ಒಂದೊಂದು ಪದವೂ ಮುಖ್ಯ. ಭಾರತದಲ್ಲಿ ಸಾಮಾನ್ಯ ಸಾಲಕ್ಕೆ ಮೂರು ವರ್ಷದ ಕಾಲಮಿತಿ ಎಂದು ಕೇಳಿರುತ್ತೀರಿ. ಇಂಗ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನಲ್ಲಿ ಕಾರ್ಡು, ಮೊಬೈಲಿನಂಥ ಬಾಕಿಗೆ ಅದು ಆರು ವರ್ಷ, ಸ್ಕಾಟ್ಲೆಂಡಿನಲ್ಲಿ ಐದು. ಈ ಅವಧಿಯಲ್ಲಿ ನೀವು ಏನೂ ಕಟ್ಟಿರಬಾರದು, ಬರವಣಿಗೆಯಲ್ಲಿ ಸಾಲ ಒಪ್ಪಿರಬಾರದು, ಸಾಲ ಕೊಟ್ಟವರು ಕೋರ್ಟಿಗೂ ಹೋಗಿರಬಾರದು. ಐದು ವರ್ಷ ಹನ್ನೊಂದು ತಿಂಗಳಾದ ಮೇಲೆ ‘ಸದ್ಯಕ್ಕೆ ಐದು ಪೌಂಡ್ ಕಟ್ಟುತ್ತೇನೆ’ ಎಂದು ಕಟ್ಟಿದರೆ ಗಡಿಯಾರ ಸೊನ್ನೆಯಿಂದ ಶುರು. ಫೋನಿನಲ್ಲಿ ಅಷ್ಟೊಂದು ನಯವಾಗಿ ‘ಏನಾದರೂ ಸ್ವಲ್ಪ ಕಟ್ಟಿ’ ಎನ್ನುವುದರ ಹಿಂದೆ ಈ ಲೆಕ್ಕವೂ ಇರುತ್ತದೆ.

ಎಸೆಯಬಾರದ ಕಾಗದಗಳು

ಕೋರ್ಟಿಗೆ ಹೋಗುವ ಮುಂಚೆ ‘ಲೆಟರ್ ಆಫ್ ಕ್ಲೇಮ್’ ಬರುತ್ತದೆ, ಜೊತೆಗೆ ಉತ್ತರದ ನಮೂನೆ ಇರುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಉತ್ತರಿಸಲು 30 ದಿನ. ತಕರಾರಿದ್ದರೆ, ದಾಖಲೆ ಬೇಕಿದ್ದರೆ, ಸಲಹೆ ಪಡೆಯಲು ಸಮಯ ಬೇಕಿದ್ದರೆ ಅದರಲ್ಲೇ ಗುರುತು ಹಾಕಿ ಕಳಿಸಿ. ಸುಮ್ಮನಿದ್ದರೆ ಮುಂದಿನದು ಕ್ಲೇಮ್ ಫಾರಂ, ಸಾಮಾನ್ಯವಾಗಿ ನಾರ್ತಾಂಪ್ಟನ್ನಿನ ಕೇಂದ್ರದಿಂದ. ಅದರ ಮೇಲೆ ‘ಇಶ್ಯೂ ಡೇಟ್’ ಇರುತ್ತದೆ. ಅಲ್ಲಿಂದ ಐದು ದಿನಕ್ಕೆ ನಿಮ್ಮ ಕೈಸೇರಿತೆಂದು ಕೋರ್ಟ್ ಭಾವಿಸುತ್ತದೆ, ಅಲ್ಲಿಂದ 14 ದಿನದಲ್ಲಿ ಉತ್ತರ. ಅಂದರೆ ಇಶ್ಯೂ ಆದ ದಿನದಿಂದ 19. ಅಷ್ಟರೊಳಗೆ ‘ಅಕ್ನಾಲೆಜ್‌ಮೆಂಟ್ ಆಫ್ ಸರ್ವಿಸ್’, ಅಂದರೆ ಕಾಗದ ಕೈಸೇರಿದೆ ಎಂಬ ಉತ್ತರ ಕಳಿಸಿದರೆ ಪ್ರತಿವಾದಕ್ಕೆ ಒಟ್ಟು 33 ದಿನ ಸಿಗುತ್ತದೆ. ಇಲ್ಲಿ ಅನೇಕರು ಎಡವುತ್ತಾರೆ: ಸಾಲ ಒಪ್ಪುವ ಎನ್9ಎ ನಮೂನೆ ಹೋಗಬೇಕಾದದ್ದು ಹಣ ಕೇಳಿದ ಕಂಪನಿಗೆ, ತಕರಾರಿನ ಎನ್9ಬಿ ಹೋಗಬೇಕಾದದ್ದು ಕೋರ್ಟಿಗೆ.

ಗಡುವು ತಪ್ಪಿದರೆ ನಿಮ್ಮ ಮಾತು ಕೇಳದೆಯೇ ಸಿಸಿಜೆ, ಅಂದರೆ ಕೌಂಟಿ ಕೋರ್ಟ್ ತೀರ್ಪು ಆಗುತ್ತದೆ. ಅದು ಆರು ವರ್ಷ ಸಾರ್ವಜನಿಕ ದಾಖಲೆಯಲ್ಲಿ ಕೂರುತ್ತದೆ. ಆ ಕಾಲವೆಲ್ಲ ಮನೆಸಾಲ ಕಷ್ಟ, ಬಾಡಿಗೆ ಏಜೆಂಟರೂ ಮುಖ ಸಿಂಡರಿಸುತ್ತಾರೆ. ತೀರ್ಪಾಗಿ ಒಂದು ಕ್ಯಾಲೆಂಡರ್ ತಿಂಗಳೊಳಗೆ ಪೂರ್ತಿ ಕಟ್ಟಿದರೆ ದಾಖಲೆಯಿಂದ ಹೆಸರು ಅಳಿಸಿಹಾಕಿಸಬಹುದು. ಒಂದು ದಿನ ತಡವಾದರೂ ‘ತೀರಿದೆ’ ಎಂಬ ಗುರುತು ಬೀಳುತ್ತದೆಯೇ ಹೊರತು ಹೆಸರು ಹೋಗುವುದಿಲ್ಲ. ಹಳೆ ವಿಳಾಸಕ್ಕೆ ಹೋಗಿ ನಿಮಗೆ ತಿಳಿಯದೆ ಆದ ತೀರ್ಪಾದರೆ, ತಿಳಿದ ಕೂಡಲೇ ಎನ್244 ನಮೂನೆಯಲ್ಲಿ ರದ್ದತಿಗೆ ಅರ್ಜಿ ಹಾಕಿ. ಶುಲ್ಕವಿದೆ, ಆದಾಯ ಕಡಿಮೆ ಇದ್ದರೆ ವಿನಾಯಿತಿ ಕೇಳಬಹುದು.

ವೀಸಾ ಮತ್ತು ಅಪ್ಪ-ಅಮ್ಮನ ಆಸ್ಪತ್ರೆ ಬಿಲ್

ಮೊಬೈಲ್ ಕಂಪನಿಯ ಬಾಕಿಯಿಂದ ವೀಸಾ ಹೋಗುವುದಿಲ್ಲ. ಆದರೆ ವೀಸಾ ಅರ್ಜಿಗಳಲ್ಲಿ ಸಾಲದ ಬಗ್ಗೆ ಕೋರ್ಟ್ ತೀರ್ಪಾಗಿದೆಯೇ ಎಂಬ ಪ್ರಶ್ನೆ ಇರುತ್ತದೆ. ಸಿಸಿಜೆ ಇದ್ದರೆ ಹೇಳಲೇಬೇಕು, ಮುಚ್ಚಿಟ್ಟದ್ದು ಸಿಸಿಜೆಗಿಂತ ದೊಡ್ಡ ತಪ್ಪಾಗುತ್ತದೆ. ನೇರವಾಗಿ ಹೊಡೆತ ಕೊಡುವುದು ಎನ್‌ಎಚ್‌ಎಸ್, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ಬಾಕಿ. ಬಾಣಂತನಕ್ಕೋ ಬೇಸಿಗೆಗೋ ಸಂದರ್ಶಕ ವೀಸಾದಲ್ಲಿ ಬಂದ ತಂದೆ-ತಾಯಿಯನ್ನು ಇಂಗ್ಲೆಂಡಿನಲ್ಲಿ ಆಸ್ಪತ್ರೆಗೆ ಸೇರಿಸಿದರೆ ಎನ್‌ಎಚ್‌ಎಸ್‌ನ ಸ್ವಂತ ದರದ 150 ಪ್ರತಿಶತ ಬಿಲ್ ಬರುತ್ತದೆ. ಅಪಘಾತ ವಿಭಾಗದಲ್ಲಿ ನೋಡುವುದು ಉಚಿತ, ವಾರ್ಡಿಗೆ ಹೋದ ಮೇಲೆ ಅಲ್ಲ. 500 ಪೌಂಡ್ ಅಥವಾ ಹೆಚ್ಚು ಬಾಕಿ ಎರಡು ತಿಂಗಳು ಉಳಿದರೆ ಆಸ್ಪತ್ರೆ ಗೃಹ ಇಲಾಖೆಗೆ ತಿಳಿಸುತ್ತದೆ, ಅವರ ಮುಂದಿನ ವೀಸಾ ಅದೇ ಕಾರಣಕ್ಕೆ ನಿರಾಕರಣೆಯಾಗಬಹುದು. ಬಿಲ್ ಅವರ ಹೆಸರಿನಲ್ಲಿರುತ್ತದೆ, ಅವರು ಅಷ್ಟರಲ್ಲಿ ಮೈಸೂರು ಸೇರಿರುತ್ತಾರೆ, ಜ್ಞಾಪನೆಗಳು ಮಾತ್ರ ನಿಮ್ಮ ಮನೆಗೆ ಬರುತ್ತವೆ. ಆಸ್ಪತ್ರೆಯ ‘ಓವರ್‌ಸೀಸ್ ವಿಸಿಟರ್’ ಕಚೇರಿಗೆ ಬರೆದು ಕಂತು ಕೇಳಿ, ಒಪ್ಪಿಗೆ ಪತ್ರ ಇಟ್ಟುಕೊಳ್ಳಿ, ಪ್ರಯಾಣ ವಿಮೆಯ ಕ್ಲೇಮ್ ಕೂಡಲೇ ಹಾಕಿ.

ಬಾಕಿ ನಿಜವೇ ಆಗಿದ್ದರೆ

ದುಡ್ಡು ಕೊಟ್ಟು ಸಲಹೆ ಕೊಳ್ಳಬೇಡಿ. ಸ್ಟೆಪ್‌ಚೇಂಜ್ (0800 138 1111), ನ್ಯಾಷನಲ್ ಡೆಟ್‌ಲೈನ್ (0808 808 4000), ಸಿಟಿಜನ್ಸ್ ಅಡ್ವೈಸ್ ಪುಕ್ಕಟೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥ ಸಲಹೆಗಾರರ ಮೂಲಕ ‘ಬ್ರೀದಿಂಗ್ ಸ್ಪೇಸ್’ ಸಿಗುತ್ತದೆ: 60 ದಿನ ಬಹುತೇಕ ಸಾಲಗಳ ಬಡ್ಡಿ, ಶುಲ್ಕ, ವಸೂಲಿ ಎಲ್ಲಕ್ಕೂ ತಡೆ, 12 ತಿಂಗಳಿಗೆ ಒಮ್ಮೆ. ಏಜೆನ್ಸಿಗೆ ಕಂತಿನ ಮಾತು ಆಡುವ ಮುಂಚೆ ಆದಾಯ, ಬಾಡಿಗೆ, ಬಸ್ ಪಾಸು, ದಿನಸಿ, ಊರಿಗೆ ಕಳಿಸುವ ಹಣ ಬರೆದು ಲೆಕ್ಕ ಹಾಕಿ. ಉಳಿಯುವುದು 20 ಪೌಂಡ್ ಆದರೆ 20 ಎಂದೇ ಹೇಳಿ. ಮುಜುಗರಕ್ಕೆ 80 ಎಂದು ಒಪ್ಪಿ ಮೂರನೇ ತಿಂಗಳು ತಪ್ಪಿಸಿದರೆ ಒಪ್ಪಂದ ಮುರಿಯುತ್ತದೆ. ಒಟ್ಟಿಗೆ ಕಟ್ಟುವ ಶಕ್ತಿ ಇದ್ದರೆ ಕಡಿಮೆಗೆ ಇತ್ಯರ್ಥ ಕೇಳಬಹುದು, ಸಾಲ ಕೊಂಡವರು ಎಷ್ಟೋ ಸಲ ಒಪ್ಪುತ್ತಾರೆ. ‘ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್’ ಎಂದು ಬರವಣಿಗೆಯಲ್ಲಿ ಬರುವವರೆಗೆ ಒಂದು ಪೆನ್ನಿಯೂ ಕಟ್ಟಬೇಡಿ. ಕ್ರೆಡಿಟ್ ದಾಖಲೆಯಲ್ಲಿ ಅದು ‘ಭಾಗಶಃ ತೀರಿದೆ’ ಎಂದು ಕಾಣುತ್ತದೆ ಎಂಬುದೂ ಗೊತ್ತಿರಲಿ.

ಕೆಲಸ ಮುಗಿಸಿ ಬೆಂಗಳೂರಿಗೆ ಹೊರಟವರಿಗೆ ಕೊನೆಯ ವಾರ ಮಾಡಬೇಕಾದದ್ದು: ಮೀಟರ್ ಫೋಟೊ, ಕೌನ್ಸಿಲ್‌ಗೆ ಮನೆ ಬಿಟ್ಟ ದಿನಾಂಕ, ಮೊಬೈಲ್ ಕರಾರು ಬರವಣಿಗೆಯಲ್ಲಿ ರದ್ದು. ಅಂತಿಮ ಬಿಲ್ಲುಗಳು ಬಂದು ತೀರುವವರೆಗೆ ಇಲ್ಲಿನ ಬ್ಯಾಂಕ್ ಖಾತೆ ಮುಚ್ಚಬೇಡಿ, ಡೈರೆಕ್ಟ್ ಡೆಬಿಟ್ ಅವಸರದಲ್ಲಿ ನಿಲ್ಲಿಸಬೇಡಿ. ರಾಯಲ್ ಮೇಲ್‌ನಲ್ಲಿ ಅಂಚೆಯನ್ನು ಭಾರತದ ವಿಳಾಸಕ್ಕೂ 12 ತಿಂಗಳವರೆಗೆ ತಿರುಗಿಸಬಹುದು.